ನಾಲ್ಕನೇ ಟ್ಯಾಂಕಿನ ಗೆರೆ

ಐಸಕ್ಕ ಅಂದ ಕೂಡಲೇ ಗಾಡಿ ತಳ್ಳಿಕೊಂಡು ಐಸ್‌ಕ್ಯಾಂಡಿ ಮಾರುವವಳು ಅಂದುಕೊಳ್ಳಬೇಡಿ. ಅವಳು ಮಾರುವುದು ಏನೂ ಇಲ್ಲ. ಎಂಟು ಮಹಡಿಯ ಆಫೀಸು ಕಟ್ಟಡವೊಂದರ ತಳದಲ್ಲಿ, ಕಾರು ನಿಲ್ಲಿಸುವ ಜಾಗಕ್ಕೂ ಒಂದು ಮಹಡಿ ಕೆಳಗೆ, ಐದು ಸಿಮೆಂಟು ಟ್ಯಾಂಕುಗಳನ್ನು ನೋಡಿಕೊಳ್ಳುವ ಹೆಂಗಸು ಅವಳು. ಮೇಲೆ ಕೂತ ಸಾವಿರ ಜನಕ್ಕೆ ತಂಪು ಹೋಗುವುದು ಅವಳ ಕೈ ದಾಟಿಯೇ. ಆ ಸಾವಿರದಲ್ಲಿ ಹತ್ತು ಮಂದಿಗೂ ಅವಳ ಮುಖ ಗೊತ್ತಿಲ್ಲ. ಎ.ಸಿ. ಒಂಚೂರು ಕಡಿಮೆಯಾದರೆ ಮಾತ್ರ "ಕೆಳಗಡೆ ಯಾರ್ರೀ ಇರೋದು, ನಿದ್ದೆ ಮಾಡ್ತಿದ್ದೀರಾ?" ಅಂತ ಫೋನು ಬರುತ್ತದೆ.

ಕೆಲಸ ಕೇಳಿದರೆ ಸುಲಭ. ಹಗಲು ಊರೆಲ್ಲ ಕರೆಂಟು ಎಳೆಯುತ್ತದೆ, ಆಗ ಅದರ ರೇಟು ಮುಟ್ಟುವ ಹಾಗಿಲ್ಲ. ರಾತ್ರಿ ಯಾರಿಗೂ ಬೇಡ, ಆಗ ಅಗ್ಗ. ಅದಕ್ಕೆ ರಾತ್ರಿಯಿಡೀ ಯಂತ್ರ ಓಡಿಸಿ ಟ್ಯಾಂಕಿನ ನೀರನ್ನು ಐಸ್ ಮಾಡಿಟ್ಟುಕೊಳ್ಳುತ್ತಾರೆ, ಹಗಲು ಅದನ್ನು ಕರಗಿಸಿ ಕಟ್ಟಡ ತಂಪು ಮಾಡುತ್ತಾರೆ. ಟ್ಯಾಂಕಿನೊಳಗೆ ಪೈಪುಗಳು ಸುರುಳಿ ಸುರುಳಿಯಾಗಿ ಮುಳುಗಿವೆ. ರಾತ್ರಿ ಅವುಗಳ ಸುತ್ತ ಐಸ್ ಕಟ್ಟುತ್ತದೆ. ಹಗಲು ಅದೇ ಪೈಪುಗಳಲ್ಲಿ ಮೇಲಿನ ಮಹಡಿಗಳ ಬಿಸಿ ಇಳಿದು ಬಂದು ಐಸನ್ನು ಕರಗಿಸುತ್ತದೆ. ರಾತ್ರಿ ಪಾಳಿಗೆ ಯಾರೂ ಇರುವುದಿಲ್ಲ, ಹತ್ತು ಗಂಟೆಗೆ ಯಂತ್ರ ತಾನೇ ಶುರುವಾಗುತ್ತದೆ, ಬೆಳಿಗ್ಗೆ ಆರಕ್ಕೆ ತಾನೇ ನಿಲ್ಲುತ್ತದೆ.

ಒಳಗೆ ಎಷ್ಟು ಐಸಿದೆ ಅಂತ ಪದೇಪದೇ ಮುಚ್ಚಳ ತೆಗೆದು ನೋಡುವ ಹಾಗಿಲ್ಲ, ತಂಪು ಸೋರಿಹೋಗುತ್ತದೆ. ಅದಕ್ಕೆ ಪ್ರತಿ ಟ್ಯಾಂಕಿನ ಹೊರಗೋಡೆಗೆ ಒಂದು ಗಾಜಿನ ಕೊಳವೆ ಇಟ್ಟಿದ್ದಾರೆ. ನೀರು ಐಸಾದರೆ ಉಬ್ಬುತ್ತದಲ್ಲ, ಕೊಳವೆಯಲ್ಲಿ ಮಟ್ಟ ಏರುತ್ತದೆ. ಕರಗಿದರೆ ಇಳಿಯುತ್ತದೆ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಕೆಳಗಿನದನ್ನು ಸೊನ್ನೆ ಗೆರೆ ಅನ್ನುತ್ತಾರೆ. ಮಟ್ಟ ಅಲ್ಲಿಗೆ ಬಂತು ಅಂದರೆ ಒಳಗೆ ಒಂದು ಚೂರು ಐಸೂ ಉಳಿದಿಲ್ಲ, ಬರೀ ನೀರು.

ಮೊದಲು ಅದು ಅವಳ ಗಂಡನ ಕೆಲಸ. ಹನ್ನೆರಡು ವರ್ಷ ಮಾಡಿದ. ಆಮೇಲೆ ಒಂದು ದಿನ ಕಾಣೆಯಾದ.

ಆ ದಿನ ಬೆಳಿಗ್ಗೆ ಮಗಳ ಶಾಲೆಯಲ್ಲಿ ಓಟದ ಪಂದ್ಯ ಇತ್ತು. ಹದಿನಾಲ್ಕು ವರ್ಷದ ಹುಡುಗಿ, ತಿಂಗಳಿಂದ ಅಪ್ಪನ ಕಿವಿ ತಿಂದಿದ್ದಳು. ಬಂದೇ ಬರ್ತೀನಿ ಅಂದವನು ಪಂಪು ಕೆಟ್ಟಿತು ಅಂತ ಹೋಗಲಿಲ್ಲ. ಹುಡುಗಿ ಗೆದ್ದಿದ್ದಳು ಬೇರೆ. ಮಧ್ಯಾಹ್ನ ಮನೆಗೆ ಬಂದವಳೇ ಪದಕವನ್ನು ಅವನ ಕಾಲ ಬುಡಕ್ಕೆ ಎಸೆದು, "ನೀನು ಇನ್ಮೇಲೆ ಮನೆಗೆ ಬರೋದೇ ಬೇಡ" ಅಂದಳು. ಮಗಳಿಗೆ ಎರಡು ಬಿಗಿಯುವುದು ಬಿಟ್ಟು ಐಸಕ್ಕನೂ ಅವಳ ಪರ ಸೇರಿ ಬಾಯಿಗೆ ಬಂದದ್ದೆಲ್ಲ ಅಂದಳು. ಅವನು ಒಂದು ಬ್ಯಾಗು ತುಂಬಿಕೊಂಡು ಸಂಜೆ ಪಾಳಿಗೆ ಹೋದ. ಮತ್ತೆ ಬರಲಿಲ್ಲ.

ಪೊಲೀಸರು ಬಂದು ಗೇಟಿನ ಪುಸ್ತಕ ನೋಡಿದರು. ರಾತ್ರಿ ಹತ್ತಕ್ಕೆ ಹೊರಗೆ ಹೋದ ಅಂತ ಬರೆದಿತ್ತು. ಮನೆಯಲ್ಲಿ ನೋಡಿದರೆ ಒಂದು ಪ್ಯಾಂಟು, ಒಂದು ಅಂಗಿ, ಒಂದು ಹಳೇ ಸ್ವೆಟರು ಇಲ್ಲ. ಇನ್ನೇನು ಬೇಕು? ಪಕ್ಕದ ಮನೆ ಟೈಲರ್ ಹೆಂಗಸು ಕೂತಲ್ಲೇ ತೀರ್ಪು ಕೊಟ್ಟಳು: "ಸೆಕೆಗಾಲದಲ್ಲಿ ಸ್ವೆಟರು ತಗೊಂಡು ಹೋಗಿದ್ದಾನೆ ಅಂದ್ರೆ ಯಾವ್ದೋ ಚಳಿ ಊರಿಗೇ ಹೋಗಿದ್ದಾನೆ ಕಣ್ರೀ. ಒಬ್ಬನೇ ಹೋಗಿರ್ತಾನಾ?" ಅಯ್ಯೋ, ಅವಳ ಬಾಯಿಗಿಷ್ಟು! ಬೀದಿಗೆಲ್ಲ ಅದೇ ಮಾತಾಯಿತು. ವಾರದೊಳಗೆ ಅವನಿಗೊಂದು ಹೆಂಗಸನ್ನೂ ಜೋಡಿಸಿದರು, ಆ ಹೆಂಗಸಿಗೆ ಗುಂಗುರು ಕೂದಲು ಅಂತಲೂ ಹೇಳಿದರು.

ಐಸಕ್ಕ ನಂಬಿದಳೇ? ಬೆಳಿಗ್ಗೆ ನಂಬುತ್ತಿದ್ದಳು, ಸಂಜೆ ಹೊತ್ತಿಗೆ ನಂಬಿಕೆ ಹೋಗುತ್ತಿತ್ತು. ಮಗಳಂತೂ ಅಪ್ಪನ ಸುದ್ದಿಯೇ ಎತ್ತುವುದನ್ನು ಬಿಟ್ಟಳು, ಓಡುವುದನ್ನೂ ಬಿಟ್ಟಳು. ಒಂದೇ ಒಂದು ಸಲ, ತಲೆ ಬಾಚಿಸಿಕೊಳ್ಳುವಾಗ, ಕನ್ನಡಿ ನೋಡುತ್ತಲೇ ಕೇಳಿದಳು: "ನಾನು ಅಂದಿದ್ದಕ್ಕೇ ಹೋದ್ರಾ ಅಮ್ಮಾ?" ಐಸಕ್ಕ "ಹುಚ್ಚಿ, ಸುಮ್ನಿರು" ಅಂದಳೇ ಹೊರತು ಇಲ್ಲ ಅನ್ನಲಾಗಲಿಲ್ಲ. ಅವಳಿಗೇ ಗೊತ್ತಿರಲಿಲ್ಲವಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಸಾಕಿತ್ತು. ಅವನು ವಾಪಸು ಬರುವುದು ಆಮೇಲಿನ ಮಾತು.

ಅತ್ತೆಗೆ ವಯಸ್ಸಾಗಿತ್ತು, ಮಾತು ಅಲ್ಲೊಂದು ಇಲ್ಲೊಂದು. ನಡುಮಧ್ಯಾಹ್ನ ಬೆವರು ಸುರಿಯುತ್ತಿರುವಾಗ ಮುದುಕಿ ಎದ್ದು ಕೂತು, "ಅವನಿಗೆ ಚಳಿ ಆಗ್ತಿದೆ, ಏನಾದ್ರೂ ಹೊದಿಸ್ರೇ" ಅನ್ನುತ್ತಿದ್ದಳು. ಯಾರಿಗೆ ಅಂತ ಕೇಳಿದರೆ ಮುಖ ತಿರುಗಿಸಿ ಮಲಗುತ್ತಿದ್ದಳು. ಐಸಕ್ಕ ಮುದುಕಿಯ ಭ್ರಮೆ ಅಂತ ತನಗೆ ತಾನೇ ಹೇಳಿಕೊಂಡು ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಮೂರು ವಾರ ಕಾದ ಮ್ಯಾನೇಜರು ಅವಳನ್ನೇ ಕರೆಸಿದರು. ಗಂಡನಿಗೆ ಊಟದ ಡಬ್ಬಿ ತಂದುಕೊಟ್ಟೂ ಕೊಟ್ಟೂ ಅರ್ಧ ಕೆಲಸ ಕಲಿತಿದ್ದಳು. ಉಳಿದರ್ಧ ಕಲಿಸಿದ್ದು ಪಂಪಜ್ಜ. ಪಂಪು ರಿಪೇರಿ ಮಾಡುತ್ತಲೇ ತಲೆ ಹಣ್ಣಾದ ಮನುಷ್ಯ, ಅದಕ್ಕೆ ಆ ಹೆಸರು. ಕಿವಿ ಮಂದ, ನಾಲಿಗೆ ಚುರುಕು. "ತಾಯಿ, ಈ ಟ್ಯಾಂಕು ಐದೂ ಹಾಲು ಕರೆಯೋ ಹಸು ಇದ್ದ ಹಾಗೆ. ಹೊಟ್ಟೆ ನೋಡ್ಕೊಂಡು ಕರೀಬೇಕು" ಅಂತ ಪಾಠ ಶುರು ಮಾಡಿದ.

ತಿಂಗಳ ಕೊನೆಯ ಭಾನುವಾರ ಆಫೀಸಿಗೆ ರಜೆ. ಹಿಂದಿನ ರಾತ್ರಿ ಐಸ್ ಕಟ್ಟದೆ, ಐದೂ ಟ್ಯಾಂಕನ್ನು ಪೂರ್ತಿ ಕರಗಿಸಿ, ಮಟ್ಟ ಸೊನ್ನೆ ಗೆರೆಗೆ ಸರಿಯಾಗಿ ಬರುತ್ತದಾ ಅಂತ ನೋಡುವುದು ಅಲ್ಲಿನ ಪದ್ಧತಿ. ಅವಳ ಮೊದಲ ಭಾನುವಾರ ನಾಲ್ಕು ಟ್ಯಾಂಕು ಸರಿಯಾಗಿ ಬಂದವು. ನಾಲ್ಕನೇ ನಂಬರಿನದು ಮಾತ್ರ ಗೆರೆಗಿಂತ ಮೇಲೆಯೇ ನಿಂತಿತು, ಹೆಚ್ಚೇನಿಲ್ಲ, ಕಿರುಬೆರಳಿನ ಅಗಲ. ಅರ್ಧ ದಿನ ಕಾದರೂ ಇಳಿಯಲಿಲ್ಲ.

"ಯಾರೋ ನೀರು ಜಾಸ್ತಿ ಬಿಟ್ಟಿದ್ದಾರೆ" ಅಂದ ಪಂಪಜ್ಜ. "ನಿನ್ನ ಗಂಡನೇ ಬಿಟ್ಟಿರ್ತಾನೆ, ಹೋಗೋ ಮನಸ್ಸಿತ್ತಲ್ಲ, ಕೆಲಸದ ಮೇಲೆ ಗಮನ ಎಲ್ಲಿರುತ್ತೆ. ತೆಗೆಯೋಕೆ ಹೋದ್ರೆ ನೀರು ಬಿಡೋ ತಳದ ನಲ್ಲಿ ತುಕ್ಕು ಹಿಡಿದು ಕೂತಿದೆ. ಗೆರೆ ಮೇಲಕ್ಕೆ ಹಾಕ್ಬಿಡಮ್ಮ, ಎಲ್ರೂ ಹಾಗೇ ಮಾಡೋದು."

ಹಳೇ ಗೆರೆ ಅವಳ ಗಂಡ ಕಪ್ಪು ಬಣ್ಣದಲ್ಲಿ ಎಳೆದದ್ದು. ಅವಳು ಬ್ಲೇಡಿನಿಂದ ಅದನ್ನು ಕೆರೆದು ತೆಗೆದಳು. ಬಣ್ಣ ಹುಡುಕಿದರೆ ಸಿಗಲಿಲ್ಲ, ಪರ್ಸಿನಲ್ಲಿ ಕೆಂಪು ಉಗುರುಬಣ್ಣ ಇತ್ತು. ಕಿರುಬೆರಳಿನಷ್ಟು ಮೇಲೆ ಹೊಸ ಗೆರೆ ಎಳೆದಳು. ಎಳೆಯುವಾಗ ಖುಷಿಯಾಯಿತು ಅಂದರೆ ನಂಬುತ್ತೀರಾ? ಬಿಟ್ಟು ಹೋದವನ ಗುರುತು ಒಂದು ಕಡೆಯಿಂದಲಾದರೂ ಹೋಯಿತಲ್ಲ ಅಂತ.

ಅಲ್ಲಿಂದ ಅವಳ ಬದುಕು ಆ ನೆಲಮಾಳಿಗೆಗೆ ಒಗ್ಗಿತು. ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಅವಳ ಪಾಳಿ. ಅಲ್ಲಿ ಹಗಲೆಂಬುದೇ ಇಲ್ಲ, ಟ್ಯೂಬ್‌ಲೈಟಿನ ಬೆಳಕು, ಪಂಪಿನ ಗುಂಯ್‌ಗುಟ್ಟುವಿಕೆ. ಪೈಪುಗಳು ಮೇಲಕ್ಕೆ ಹೋಗುವ ಕಿಂಡಿಯಿಂದ ಮೇಲಿನವರ ಮಾತು ಚೂರುಚೂರಾಗಿ ಇಳಿದು ಬರುತ್ತದೆ. ಯಾರದೋ ಕೆಮ್ಮು, ಯಾರದೋ ನಗು, "ಅವನು ಇನ್ನೂ ಬಂದಿಲ್ವಾ?" ಅನ್ನುವ ಒಂದು ಗಂಡು ದನಿ. ಮೊದಮೊದಲು ಅವಳು ಬೆಚ್ಚಿ ತಿರುಗಿ ನೋಡುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು.

ಅಭ್ಯಾಸವಾಗದ್ದು ಒಂದೇ, ನಾಲ್ಕನೇ ಟ್ಯಾಂಕು. ಐಸ್ ಕರಗುವಾಗ ಎಲ್ಲ ಟ್ಯಾಂಕುಗಳೂ ಸದ್ದು ಮಾಡುತ್ತವೆ, ಬಿರುಕು ಬಿಡುವ ಸದ್ದು, ಜಾರುವ ಸದ್ದು. ಇದರದು ಬೇರೆ. ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್, ಟಕ್. ಯಾರೋ ಪೈಪಿನ ಮೇಲೆ ಬೆರಳಿನ ಗೆಣ್ಣಿನಿಂದ ಬಡಿದ ಹಾಗೆ. ಅದೂ ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚುವ ಹೊತ್ತಿಗೇ. ಪಂಪಜ್ಜನಿಗೆ ಹೇಳಿದರೆ, "ನನಗೆ ಕಿವೀನೇ ಕೇಳಲ್ಲ, ನನ್ನ ಪುಣ್ಯ" ಅಂದ. ಅಂದವನು ತನ್ನ ಕುರ್ಚಿಯನ್ನು ಮಾತ್ರ ಒಂದನೇ ಟ್ಯಾಂಕಿನ ಕಡೆ ಎಳೆದುಕೊಂಡ.

ಮನೆಯಲ್ಲಿ ಅಳುವ ಹಾಗಿರಲಿಲ್ಲ, ಮಗಳಿದ್ದಾಳೆ. ಬೀದಿಯಲ್ಲಿ ಅಳುವ ಹಾಗಿರಲಿಲ್ಲ, ಟೈಲರ್ ಹೆಂಗಸಿದ್ದಾಳೆ. ಹಾಗಾಗಿ ಅವಳು ಗಂಡನನ್ನು ಬೈಯುವುದೆಲ್ಲ ಇಲ್ಲೇ. ಪಂಪಜ್ಜ ಚಹಾಕ್ಕೆ ಹೋದಾಗ ನಾಲ್ಕನೇ ಟ್ಯಾಂಕಿಗೆ ಬೆನ್ನು ಒರಗಿಸಿ ಕೂತು ಶುರು ಮಾಡುತ್ತಿದ್ದಳು. "ಎಲ್ಲಿ ಸತ್ತಿದ್ಯೋ ಏನೋ. ಮಗಳ ಮುಖ ನೋಡೋಕಾಗ್ತಿಲ್ಲ ನಂಗೆ. ಗುಂಗುರು ಕೂದಲಂತೆ, ಥೂ!" ಒಮ್ಮೊಮ್ಮೆ ಬೈಗುಳದ ಮಧ್ಯೆ ಹಿಂದಿನಿಂದ ಟಕ್, ಟಕ್ ಕೇಳುತ್ತಿತ್ತು. ಅವಳು ಮಾತು ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು. ಹೆದರಿಕೆ ಆಗಬೇಕಿತ್ತು, ಆಗುತ್ತಿತ್ತು ಕೂಡ. ಆದರೂ ಎದ್ದು ಹೋಗುತ್ತಿರಲಿಲ್ಲ. ಬೆನ್ನಿಗೆ ಆ ತಣ್ಣನೆ ಗೋಡೆ ತಾಗಿದರೆ ಯಾಕೋ ಒಬ್ಬಳೇ ಇದ್ದೀನಿ ಅನ್ನಿಸುತ್ತಿರಲಿಲ್ಲ.

ಹೀಗೆ ಹನ್ನೊಂದು ತಿಂಗಳು. ಮತ್ತೆ ಸೆಕೆ ಬಂತು. ಆ ವಾರ ಎಂಥ ಬಿಸಿಲೆಂದರೆ ಗೇಟಿನವನು ಕಾವಲು ಬಿಟ್ಟು ಬಂದು ಕೆಳಗೆ ನೆಲದ ಮೇಲೆ ಅಂಗಾತ ಮಲಗುತ್ತಿದ್ದ.

ಐದನೇ ಟ್ಯಾಂಕಿನ ತಳದಲ್ಲಿ ಗಾಳಿಗುಳ್ಳೆ ಬಿಡುವ ಪೈಪೊಂದು ಇದೆ, ನೀರು ಕದಡುತ್ತಿರಲಿ ಅಂತ. ಅದು ಕಿತ್ತು ಮೇಲೆ ತೇಲಿತ್ತು, ಅದಕ್ಕೇ ಹಿಂದಿನ ರಾತ್ರಿ ಆ ಟ್ಯಾಂಕಿನಲ್ಲಿ ಐಸ್ ಕಟ್ಟಿರಲಿಲ್ಲ. ಪಂಪಜ್ಜ ಅದಕ್ಕೆ ಸಿಮೆಂಟು ಇಟ್ಟಿಗೆಗಳನ್ನು ಕಟ್ಟಿ ನೀರಿಗೆ ಇಳಿಬಿಟ್ಟ, ಒಂದು, ಎರಡು, ಮೂರು, ನಾಲ್ಕು. ಐಸಕ್ಕ ಹೊರಗೆ ಕೊಳವೆಯ ಮುಂದೆ ನಿಂತಿದ್ದಳು. ಕೊಳವೆಯಲ್ಲಿ ಮಟ್ಟ ಒಂದು ನೂಲಿನಷ್ಟು ಏರಿತು.

"ಅಜ್ಜಾ, ಇದು ಏರ್ತಿದೆ!"

"ಏರದೆ ಇನ್ನೇನಾಗುತ್ತೆ? ಒಳಗೆ ಏನೇ ಬಿದ್ರೂ ಅಷ್ಟು ನೀರು ಮೇಲೆ ಬರಲೇಬೇಕಲ್ಲ." ಮೇಲಿನಿಂದಲೇ ಅಜ್ಜ ಕೂಗಿದ.

ಅವಳು ಸುಮ್ಮನೆ ಕೇಳಿದಳು, ಯಾವ ಯೋಚನೆಯೂ ಇಲ್ಲದೆ. "ಹಂಗಾದ್ರೆ ಕಿರುಬೆರಳಿನಷ್ಟು ಏರ್ಬೇಕು ಅಂದ್ರೆ ಎಷ್ಟು ಹಾಕ್ಬೇಕು?"

ಅಜ್ಜ ಲೆಕ್ಕದಲ್ಲಿ ಗಟ್ಟಿಗ. ಟ್ಯಾಂಕಿನ ಉದ್ದ ಅಗಲ ಬಾಯಲ್ಲೇ ಗುಣಿಸಿದ. "ಇಟ್ಟಿಗೆ ಲೆಕ್ಕ ಯಾಕೆ, ಒಂದು ಆಳು ಮುಳುಗಿದ್ರೆ ಸಾಕು, ಅಷ್ಟಾಗುತ್ತೆ" ಅಂದ.

ಅಂದವನು ಅಲ್ಲೇ ನಿಂತ. ಕೈಯಲ್ಲಿದ್ದ ಹಗ್ಗ ಜಾರಿ ನೀರಿಗೆ ಬಿತ್ತು.

ಅಜ್ಜ ಏಣಿ ಇಳಿದು ಬಂದ, ಕೆಳಗಿನ ಮೆಟ್ಟಿಲ ಮೇಲೆ ಕೂತ. "ತಾಯಿ... ಅವನು ಕಾಣದ ಮಾರನೇ ದಿನ ಬೆಳಿಗ್ಗೆ ನಾನೇ ಮೊದಲು ಬಂದಿದ್ದು. ನಾಲ್ಕನೇದರ ಮುಚ್ಚಳ ತೆಗೆದಿತ್ತು. ತಂಪು ಸೋರ್ತಿದೆಯಲ್ಲ, ಯಾವ ಬೇವಾರ್ಸಿ ತೆಗೆದಿಟ್ಟ ಅಂತ ಬೈಕೊಂಡು ಮುಚ್ಚಿಬಿಟ್ಟೆ. ಒಳಗೆ ನೋಡಲಿಲ್ಲ. ಮೇಲೆಲ್ಲ ಐಸ್ ಕಟ್ಟಿತ್ತು. ಯಾಕೆ ನೋಡ್ಲಿ ಹೇಳು? ತೆಗೆದಿದ್ರೆ ಮುಚ್ಚೋದು ಅಷ್ಟೇ ಗೊತ್ತು ನಮಗೆ."

"ಸ್ವೆಟರು" ಅಂದಳು ಅವಳು.

"ಏನು?"

"ಟ್ಯಾಂಕಿಗೆ ಇಳಿಯೋವಾಗ ಸ್ವೆಟರು ಹಾಕ್ಕೋತಾರಲ್ವಾ ಅಜ್ಜ. ಎದ್ದು ಬಂದ ಮೇಲೆ ಬದಲಾಯಿಸೋಕೆ ಒಂದು ಪ್ಯಾಂಟು, ಒಂದು ಅಂಗಿ."

ಅಜ್ಜ ಹೌದೆಂದು ತಲೆಯಾಡಿಸಿದ. ಅವಳ ಗಂಡ ಕಾಣೆಯಾದ ವಾರ ನಾಲ್ಕನೇ ಟ್ಯಾಂಕಿನ ಗಾಳಿಪೈಪು ಕೆಟ್ಟಿತ್ತು, ಅದು ಅಜ್ಜನಿಗೆ ಈಗ ನೆನಪಾಯಿತು. ಅಷ್ಟರಲ್ಲಿ ನೆಲದ ಮೇಲೆ ಮಲಗಿದ್ದ ಗೇಟಿನವನು ಎದ್ದು ಕೂತಿದ್ದ. ಐಸಕ್ಕ ಅವನ ಕಡೆ ತಿರುಗಿ ಕೇಳಿದಳು: ಆ ರಾತ್ರಿ ಅವರು ಹೊರಗೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೀಯಾ? ನೋಡಿಲ್ಲ ಅಂದ ಅವನು. ಪಾಳಿ ಮುಗಿಯುವಾಗ ಎಲ್ಲರ ಹೆಸರಿನ ಮುಂದೆಯೂ ಒಟ್ಟಿಗೇ ಹತ್ತು ಗಂಟೆ ಅಂತ ಬರೆಯುತ್ತಾರಂತೆ. ಎಲ್ಲರೂ ಬರೆಯುತ್ತಾರಂತೆ. ಒಬ್ಬೊಬ್ಬರನ್ನೂ ಯಾರು ನೋಡುತ್ತಾರೆ?

ಅವಳು ಮ್ಯಾನೇಜರ ಕೋಣೆಗೆ ಹೋದಳು. ಟ್ಯಾಂಕು ಖಾಲಿ ಮಾಡಿ ನೋಡಬೇಕು ಸರ್ ಅಂದಳು. ಅವರು ಕೆಟ್ಟವರೇನಲ್ಲ, ಕುರ್ಚಿ ಎಳೆದು ಕೂರಿಸಿದರು, ನೀರು ಕೊಟ್ಟರು. "ನೋಡಮ್ಮ, ನಿನ್ನ ಸಂಕಟ ಅರ್ಥ ಆಗುತ್ತೆ. ಬೆರಳಿನಷ್ಟು ನೀರು ಏರಿದ್ದಕ್ಕೆ ಹೀಗೆಲ್ಲ ತಲೆಗೆ ಹಚ್ಕೋಬಾರ್ದು. ಈ ಬಿಸಿಲಲ್ಲಿ ಇನ್ನೊಂದು ಟ್ಯಾಂಕೂ ನಿಂತರೆ ಮೇಲಿನವರು ನನ್ನ ಚರ್ಮ ಸುಲೀತಾರೆ. ಸೆಕೆ ಮುಗೀಲಿ, ಎರಡು ತಿಂಗಳು. ಆಗ ನಾನೇ ನಿಂತು ತೆಗೆಸ್ತೀನಿ."

ಎರಡು ತಿಂಗಳು! ಇನ್ನು ಒಂದು ರಾತ್ರಿಯೂ ಆ ಟ್ಯಾಂಕಿನಲ್ಲಿ ಐಸ್ ಕಟ್ಟಲು ಅವಳು ಬಿಡುವವಳಲ್ಲ. "ಆಯ್ತು ಸರ್" ಅಂತ ಎದ್ದು ಬಂದಳು. ಕೆಳಗೆ ಬಂದವಳೇ ಒಂದು, ಎರಡು, ಮೂರು, ಐದು ಟ್ಯಾಂಕುಗಳ ದೊಡ್ಡ ವಾಲ್ವುಗಳನ್ನು ತಿರುಗಿಸಿ ಮುಚ್ಚಿದಳು. ನಾಲ್ಕನೆಯದನ್ನು ಪೂರ್ತಿ ತೆರೆದಳು. ಆಗ ಬೆಳಿಗ್ಗೆ ಒಂಬತ್ತೂವರೆ.

ಈಗ ಎಂಟು ಮಹಡಿಯ ಬಿಸಿಯೆಲ್ಲ ಒಂದೇ ಟ್ಯಾಂಕಿಗೆ ಇಳಿಯಲಾರಂಭಿಸಿತು. ಮೇಲೆ ಯಾರಿಗೂ ಏನೂ ಗೊತ್ತಾಗಲಿಲ್ಲ, ಎಂದಿನ ತಂಪೇ ಇತ್ತು. ಕೂತು ಬರೆಯುವವರು, ಮೆಟ್ಟಿಲು ಹತ್ತಿ ಏದುಸಿರು ಬಿಡುವವರು, ಜಗಳವಾಡಿ ಮುಖ ಕೆಂಪಗೆ ಮಾಡಿಕೊಂಡವರು, ಸಾವಿರ ಜನರ ಮೈಯ ಬಿಸಿ ಪೈಪಿನಲ್ಲಿ ಹರಿದು ಬಂದು ಆ ಐಸನ್ನು ಮುಟ್ಟುತ್ತಿತ್ತು. ಐಸಕ್ಕ ಕೊಳವೆಯ ಮುಂದೆ ನೆಲದ ಮೇಲೆ ಕೂತಳು. ಮಟ್ಟ ಇಳಿಯುತ್ತಿತ್ತು. ಕಿಂಡಿಯಿಂದ ಯಾರದೋ ನಗು ಬಂತು. ಟ್ಯಾಂಕು ಮಾತ್ರ ಆ ದಿನ ಒಂದು ಸದ್ದೂ ಮಾಡಲಿಲ್ಲ, ಊಟದ ಹೊತ್ತಾದರೂ ಮಾಡಲಿಲ್ಲ.

ಪಂಪಜ್ಜ ಮುಚ್ಚಿದ ವಾಲ್ವುಗಳನ್ನು ನೋಡಿದ, ಅವಳನ್ನು ನೋಡಿದ. ಹೋಗಿ, ತುಕ್ಕು ಹಿಡಿದ ನಲ್ಲಿಗೆ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಬಡಿಯಲು ಕೂತ.

ಹನ್ನೆರಡೂವರೆಗೆ ಮಟ್ಟ ಅವಳ ಕೆಂಪು ಗೆರೆಗೆ ಬಂದು ನಿಂತಿತು. ಅದರ ಕೆಳಗೆ ಬ್ಲೇಡು ಕೆರೆದ ಕಲೆ ಇನ್ನೂ ಕಾಣುತ್ತಿತ್ತು. ಎರಡರ ನಡುವೆ ಅವಳು ಕಿರುಬೆರಳು ಇಟ್ಟು ನೋಡಿದಳು. ಹನ್ನೊಂದು ತಿಂಗಳು ದಿನಕ್ಕೆ ಹತ್ತು ಸಲ ಇದೇ ಗೆರೆ ನೋಡಿ ಪುಸ್ತಕದಲ್ಲಿ ಬರೆದಿದ್ದಳು. ಅಳು ಬರಲಿಲ್ಲ, ತನ್ನ ಮೇಲೆ ತನಗೇ ಅಸಹ್ಯ ಬಂತು. ಅಜ್ಜ ಇನ್ನರ್ಧ ಗಂಟೆ ಬಡಿದ ಮೇಲೆ ನಲ್ಲಿ ಸಡಿಲಾಗಿ, ನೀರು ನೆಲದ ಕಾಲುವೆಗೆ ಭೋರೆಂದು ಬಿತ್ತು. ಸದ್ದಿಗೆ ಮ್ಯಾನೇಜರು ಓಡಿ ಬಂದರು. "ಏನಮ್ಮ ಇದು, ನಾನು ಏನು ಹೇಳಿದ್ದೆ!" ಅಂತ ಕೂಗುತ್ತಲೇ ಬಂದವರು, ಅವಳ ಮುಖ ನೋಡಿ ಬಾಗಿಲಲ್ಲೇ ನಿಂತರು.

ನೀರು ಮೊಣಕಾಲಿನಷ್ಟಕ್ಕೆ ಇಳಿದಾಗ ಅಜ್ಜ ಟಾರ್ಚು ಹಿಡಿದು ಏಣಿ ಹತ್ತಲು ಹೋದ. "ನೀನು ಬೇಡ ತಾಯಿ, ನಾನು ನೋಡ್ತೀನಿ."

"ನನ್ನ ಗಂಡ ಅಜ್ಜ" ಅಂತ ಅವಳು ಟಾರ್ಚು ಕಿತ್ತುಕೊಂಡಳು.

ಸುರುಳಿಗಳಿಗೂ ಗೋಡೆಗೂ ಮಧ್ಯೆ ಒಬ್ಬ ಮನುಷ್ಯ ಇಳಿಯುವಷ್ಟು ಸಂದಿ ಇದೆ. ಅಲ್ಲಿದ್ದ. ಸಲಕರಣೆ ತುಂಬಿ ಹೆಗಲಿಗೆ ಹಾಕಿಕೊಂಡಿದ್ದ ಬ್ಯಾಗಿನ ಪಟ್ಟಿ ಸುರುಳಿಯೊಂದಕ್ಕೆ ಸಿಕ್ಕಿಕೊಂಡು ಭುಜವನ್ನು ಬಿಗಿಯಾಗಿ ಎಳೆದು ಹಿಡಿದಿತ್ತು. ಸ್ವೆಟರಿನ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದ, ಮನೆಯಲ್ಲಿ ಪಾತ್ರೆ ತೊಳೆಯಲು ನಿಂತಾಗ ಮಡಚುತ್ತಿದ್ದ ಹಾಗೆಯೇ. ತಣ್ಣೀರು ಅವನ ಮುಖವನ್ನು ಅವಳಿಗೆ ಗುರುತು ಸಿಗುವಷ್ಟು ಉಳಿಸಿತ್ತು. ಅವಳು ಅವನ ಹೆಸರು ಹಿಡಿದು ಕರೆದಳು, ಮದುವೆಯಾದ ಮೇಲೆ ಮೊದಲ ಸಲ. ಖಾಲಿ ಟ್ಯಾಂಕು ಆ ಹೆಸರನ್ನು ಎರಡು ಮೂರು ಸಲ ಹೇಳಿತು.

ಆಮೇಲೆ ಪೊಲೀಸರು ಬಂದರು, ಜನ ಸೇರಿದರು. ಮೇಲಿನ ಮಹಡಿಗಳವರು ಮೊದಲ ಸಲ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತು ನೋಡಿದರು. ಮ್ಯಾನೇಜರು ಕೈಮುಗಿದು ಏನೋ ಹೇಳುತ್ತಿದ್ದರು. ಐಸಕ್ಕನ ಕಿವಿಗೆ ಬೀಳಲಿಲ್ಲ. ಅವಳು ಮೂಲೆಗೆ ಹೋಗಿ ಶಾಲೆಗೆ ಫೋನು ಮಾಡಿದಳು. ಮಗಳನ್ನು ಕ್ಲಾಸಿನಿಂದ ಕರೆಸಿದರು.

"ಏನಮ್ಮಾ? ಅಜ್ಜಿಗೇನಾದ್ರೂ ಆಯ್ತಾ?"

"ಇಲ್ಲ ಪುಟ್ಟಾ. ಅಪ್ಪ ಸಿಕ್ಕಿದ್ರು."

ಆ ಕಡೆಯಿಂದ ಗಟ್ಟಿಯಾದ ದನಿ, ಹದಿನೈದು ವರ್ಷದವಳದ್ದಲ್ಲ ಅನ್ನಿಸುವ ದನಿ. "ಎಲ್ಲಿದ್ರು? ಯಾರ ಜೊತೆ ಇದ್ರು?"

ಹೇಗೆ ಹೇಳುವುದು ಅಂತ ಐಸಕ್ಕ ಬೆಳಗಿನಿಂದ ಮನಸ್ಸಿನಲ್ಲೇ ಎಷ್ಟೋ ಮಾತು ಜೋಡಿಸಿದ್ದಳು. ಒಂದೂ ನೆನಪಾಗಲಿಲ್ಲ. "ಯಾರ ಜೊತೆಗೂ ಅಲ್ಲ ಕಣೇ. ಅಪ್ಪ ಉಳಿದಿಲ್ಲ. ಆವತ್ತೇ ಹೋಗ್ಬಿಟ್ಟಿದ್ದಾರೆ, ಇಲ್ಲೇ, ಕೆಲಸ ಮಾಡ್ತಾ ಮಾಡ್ತಾ, ಟ್ಯಾಂಕಿಗೆ ಬಿದ್ದು. ನಮ್ಮನ್ನ ಬಿಟ್ಟು ಎಲ್ಲಿಗೂ ಹೋಗಿರ್ಲಿಲ್ಲ."

"ನಾನು ಬರಬೇಡ ಅಂದಿದ್ದಕ್ಕಲ್ಲ?"

"ಅಲ್ಲ" ಅಂದಳು ಐಸಕ್ಕ. ಹನ್ನೊಂದು ತಿಂಗಳಲ್ಲಿ ಮೊದಲ ಸಲ ಗೊತ್ತಿದ್ದು ಹೇಳಿದಳು. "ಪಾಳಿ ಮುಗಿದ ಮೇಲೆ ಮನೆಗೇ ಬರೋರಿದ್ರು."

ಹುಡುಗಿ ಆಗ ಅತ್ತಳು. ಇಷ್ಟು ದಿನ ಅಪ್ಪನಿಗಾಗಿ ಅಳಲು ಯಾರೂ ಅವಳಿಗೆ ಬಿಟ್ಟಿರಲಿಲ್ಲ. ಐಸಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದು, ಮಗಳು ಅತ್ತು ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.